ಕಾಳಿಗೆ ಕೊಟ್ಟ ಬಕೆಟ್

“ನಿಮ್ಮ ಹೆಂಗಸ್ರ ಹೊಟ್ಟೆ ಅಂದ್ರೆ ಗೇಟಿಲ್ಲದ ಎಸ್ಟೇಟ್ ಕಣೇ ಕೆಂಚಿ. ಯಾರ್ ಬೇಕಾದ್ರೂ ನುಗ್ಗೋದು, ವರ್ಷಕ್ಕೊಂದು ಫಸಲು ಇಳಿಸೋದು!”

ಕೂಲಿ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ತೋಟದ ದಾರಿಯಲ್ಲಿ ಬೈಕ್ ನಿಲ್ಲಿಸಿ ಹೀಗೆ ಕೂಗಿದ. ಕೂಗಿ ತಾನೇ ನಕ್ಕ. ಕಾಫಿ ಗಿಡಗಳ ನಡುವೆ ಹಣ್ಣು ಕುಯ್ಯುತ್ತಿದ್ದ ಹೆಂಗಸರಲ್ಲಿ ಕೆಲವರೂ ನಕ್ಕರು. ರೈಟರು ನಗಿಸಿದಾಗ ನಗದಿದ್ದರೆ ಸಂಜೆ ಚೀಲ ತೂಗುವ ಹೊತ್ತಿಗೆ ತಕ್ಕಡಿಗೆ ಸಿಟ್ಟು ಬರುತ್ತಿತ್ತು.

ಕೆಂಚಿ ಮಾತ್ರ ತಲೆ ಎತ್ತಲಿಲ್ಲ. ಗಿಡದ ರೆಂಬೆ ಬಗ್ಗಿಸಿ, ಹಣ್ಣನ್ನು ನೆಲಕ್ಕೆ ಹಾಸಿದ ತಾಟಿಗೆ ಉದುರಿಸುತ್ತಲೇ ಹೇಳಿದಳು.

“ಗೇಟ್ ಇಟ್ಟು ಎಂತ ಮಾಡೋದು ರೈಟ್ರೇ? ನಿಮ್ಮಂಥ ಹಂದಿಗಳು ಬೇಲಿ ಸಂದೀಲೇ ನುಗ್ತಾವಲ್ಲ.”

ಈ ಸಲ ಎಲ್ಲರೂ ನಕ್ಕರು. ಪೊನ್ನಪ್ಪನ ಕಿವಿ ಕೆಂಪಾಯಿತು. ನಾಪೋಕ್ಲಿನ ಮೇಲಿನ ಈ ತೋಟದಲ್ಲಿ ಕೆಂಚಿಯ ಬಾಯಿಗೆ ಹೆದರದವರು ಇರಲಿಲ್ಲ. ಎರವರೆಂಬ ಬುಡಕಟ್ಟಿನ ಹೆಂಗಸು, ತೋಟದ ಕೂಲಿಗಳ ಲೈನ್ ಮನೆಯಲ್ಲೇ ಹುಟ್ಟಿದವಳು, ಲೈನ್ ಮನೆಯಲ್ಲೇ ಮೂರು ಹೆತ್ತವಳು. ಅವಳಿಗೆ ಇದ್ದ ಆಸ್ತಿ ಎಂದರೆ ಆ ನಾಲಿಗೆಯೊಂದೇ.

“ಆಯ್ತು, ಹಲ್ಲು ಬಿಟ್ಟಿದ್ದು ಸಾಕು,” ಎಂದ ಪೊನ್ನಪ್ಪ. “ಭಾನುವಾರ ಕಣದಲ್ಲಿ ಕ್ಯಾಂಪು. ತಾಲೂಕಿಂದ ಡಾಕ್ಟ್ರು ಬರ್ತಾರೆ. ಮಕ್ಕಳಾಗದಂಗೆ ಆಪರೇಷನ್ನು. ಎಲ್ಲಾ ಹೆಂಗಸ್ರೂ ಮಾಡಿಸ್ಕೊಳ್ಬೇಕು. ಮಾಡಿಸ್ಕೊಂಡವ್ರಿಗೆ ಒಂದು ಸೀರೆ, ಒಂದು ಬಕೆಟ್.”

“ಗಂಡನ್ನ ಆನೆ ತುಳಿದು ಎರಡು ಮಳೆಗಾಲ ಆಯ್ತು. ನಂಗೆಂಥ ಆಪರೇಷನ್? ನೀವೇನಾದ್ರೂ ರಾತ್ರಿ ಬರೋ ಯೋಚ್ನೆ ಇಟ್ಕೊಂಡಿದ್ದೀರಾ?”

“ಬಾಯಿ ಮುಚ್ಚೇ ಬೇವರ್ಸಿ! ಮಾಡಿಸ್ಕೊಳ್ದೋರು ಸೋಮವಾರ ಲೈನ್ ಖಾಲಿ ಮಾಡ್ಬೇಕು. ಸಾವ್ಕಾರ್ರ ಆರ್ಡರು.”

ಬೈಕು ಹೊಗೆ ಬಿಟ್ಟುಕೊಂಡು ಹೋಯಿತು. ಆಮೇಲೆ ಯಾರೂ ನಗಲಿಲ್ಲ.

ಕೆಂಚಿಗೆ ಆಪರೇಷನ್ ಎಂದರೆ ಹೆದರಿಕೆಯಿರಲಿಲ್ಲ. ಒಂದು ಕಾಲದಲ್ಲಿ ಅವಳೇ ಅದನ್ನು ಕೇಳಿಕೊಂಡು ಹೋಗಿದ್ದಳು. ಆಗ ಗಂಡ ಬದುಕಿದ್ದ, ಎರಡು ಮಕ್ಕಳಿದ್ದವು, ಎರಡನೆಯದರ ಹೆರಿಗೆಯಲ್ಲಿ ಸೊಂಟವೇ ಕಳಚಿಬಿದ್ದಂತಾಗಿತ್ತು. ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಡಾಕ್ಟರ ಮುಂದೆ ಕೈ ಮುಗಿದಿದ್ದಳು. ಡಾಕ್ಟರು ಅವಳ ಜಾತಿ ಕೇಳಿದರು, ಕೇಳಿದ ಮೇಲೆ ಕನ್ನಡಕ ತೆಗೆದಿಟ್ಟರು.

“ನೋಡಮ್ಮಾ, ನಿಮ್ಮ ಜನ ಅಳಿದು ಹೋಗ್ತಾ ಇದ್ದೀರಿ. ನಿಮ್ಮನ್ನ ಉಳಿಸ್ಬೇಕು ಅಂತ ಸರ್ಕಾರ ಒದ್ದಾಡ್ತಾ ಇದೆ. ನಿಮಗೆ ಇದನ್ನ ಮಾಡೋಕಾಗಲ್ಲ.”

“ಅಳಿದು ಹೋಗ್ತಾ ಇರೋದು ನಾನು ಡಾಕ್ಟ್ರೇ. ಮೊದ್ಲು ನನ್ನ ಉಳಿಸಿ, ಆಮೇಲೆ ನಮ್ಮ ಜನಾನ ಉಳಿಸೋರಂತೆ.”

ಹೊರಗೆ ಕಳಿಸಿದ್ದರು. ಮೂರನೆಯದು ಮುಂದಿನ ಮಳೆಗಾಲದಲ್ಲಿ ಸೋರುವ ಲೈನ್ ಮನೆಯ ನೆಲದ ಮೇಲೆ ಹುಟ್ಟಿತು. ಈಗ ಅದೇ ಸರ್ಕಾರ ಬಕೆಟ್ ಹಿಡಿದುಕೊಂಡು ಬಾಗಿಲಿಗೇ ಬರುತ್ತಿದೆ. ಕೆಂಚಿಗೆ ನಗು ಬಂತು. ಆದರೆ ಸಂಜೆ ತಂಗಿ ಕಾಳಿಯ ಮುಖ ನೋಡಿದಾಗ ಆ ನಗು ಅಲ್ಲೇ ಇಂಗಿತು.

ಕಾಳಿಯ ಸಂಸಾರ ಪಕ್ಕದ ಲೈನ್ ಮನೆಯಲ್ಲೇ. ಅವಳಿಗೂ ಗಂಡ ಗಿರಿಗೂ ಒಂದೇ ಹೆಣ್ಣು ಕೂಸಿತ್ತು. ಕಳೆದ ಮಳೆಗಾಲ ಜ್ವರ ಬಂದಾಗ ಜೀಪು ಕೇಳಲು ಹೋದರೆ, ಜೀಪಿನಲ್ಲಿ ಗೊಬ್ಬರ ತುಂಬಿದೆ ಎಂದಿದ್ದರು. ಕೂಸು ಕೈಯಲ್ಲೇ ಹೋಯಿತು. ಅಲ್ಲಿಂದೀಚೆಗೆ ಕಾಳಿ ಮಾತು ಕಡಿಮೆ ಮಾಡಿದ್ದಳು. ಕೆಂಚಿಯ ಮಕ್ಕಳನ್ನು ತನ್ನ ಮಡಿಲಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಅವೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದವು.

“ಅಕ್ಕಾ, ನಂಗೂ ಮಾಡ್ತಾರಾ?”

“ನಿಂಗ್ಯಾಕೆ ಮಾಡ್ತಾರೆ? ಮಕ್ಕಳಿಲ್ಲದವಳಿಗೆ ಮಾಡೋಕೆ ಅವರಿಗೇನು ತಲೆ ಕೆಟ್ಟಿದ್ಯಾ?”

“ರೈಟ್ರು ಎಲ್ರಿಗೂ ಅಂದ್ರಲ್ಲ.”

“ಆ ಬೋಳಿಮಗ ಕಾಡಂದಿಗೂ ಮಾಡಿಸ್ತಾನೆ, ಬಿಟ್ರೆ. ನೀನು ನನ್ನ ಸೆರಗು ಹಿಡ್ಕೊಂಡು ಕೂತ್ಕೋ. ನಾನಿರ್ತೀನಲ್ಲ.”

ಗಿರಿ ಹೊಸ್ತಿಲಲ್ಲಿ ಬೀಡಿ ಸೇದುತ್ತಿದ್ದ. “ಈ ಸಲ ಆಗತ್ತೆ ಅಂತ ಕಾಣತ್ತೆ ಅತ್ತಿಗೆ,” ಎಂದ, ನಾಚಿಕೊಂಡು. “ಎರಡು ವಾರ ತಡ ಆಗಿದೆ ಅಂತಾಳೆ.”

ಕಾಳಿ ಅವನ ಬೆನ್ನಿಗೊಂದು ಗುದ್ದಿದಳು. ಕೆಂಚಿ ಬಹಳ ದಿನಗಳ ಮೇಲೆ ತಂಗಿಯ ಹಲ್ಲು ನೋಡಿದಳು.

ಭಾನುವಾರ ಬೆಳಗ್ಗೆ ಕಣದಲ್ಲಿ ಹರಡಿದ್ದ ಕಾಫಿಯನ್ನೆಲ್ಲ ಒಂದು ಮೂಲೆಗೆ ಎಳೆದು ರಾಶಿ ಹಾಕಿದರು. ಶಾಮಿಯಾನ ಎದ್ದಿತು, ಕೆಂಪು ಕುರ್ಚಿಗಳು ಬಂದವು. ಗೊಬ್ಬರದ ಗೋದಾಮಿನ ಚೀಲಗಳನ್ನು ಹೊರಗೆ ಹಾಕಿ, ಒಳಗೆ ಎರಡು ಮೇಜು ಜೋಡಿಸಿ, ಬಾಗಿಲಿಗೆ ಹಸಿರು ಬಟ್ಟೆ ಕಟ್ಟಿದರು. ಯೂರಿಯಾ ವಾಸನೆ ಹೋಗಲಿ ಎಂದು ಪೊನ್ನಪ್ಪ ಊದುಬತ್ತಿ ಹಚ್ಚಿಟ್ಟ.

ಕಣದ ಮೇಲ್ಭಾಗದಲ್ಲೇ ಸಾಹುಕಾರ ಬೆಳ್ಯಪ್ಪನವರ ಮನೆ. ಅಲ್ಲಿಯೂ ಶಾಮಿಯಾನ ಇತ್ತು. ಸೊಸೆ ಸಿಂಚನಾಳಿಗೆ ಮೂರನೆಯ ಮಗು ಹುಟ್ಟಿತ್ತು. ತಮ್ಮ ಜನ ಕಡಿಮೆಯಾಗುತ್ತಿದ್ದಾರೆಂದು ಅವರ ಜಾತಿ ಸಂಘದವರು, ಮೂರನೆಯದನ್ನು ಹೆತ್ತ ತಾಯಂದಿರಿಗೆ ಶಾಲು ಹೊದಿಸಿ ಚಿನ್ನದ ನಾಣ್ಯ ಕೊಡುತ್ತಿದ್ದರು. ಸಂಘದವರೂ ಅಂದೇ ಬರುವವರಿದ್ದರು. ಒಂದೇ ಅಡುಗೆಯಲ್ಲಿ ಎರಡೂ ಮುಗಿಯಲಿ ಎಂಬುದು ಬೆಳ್ಯಪ್ಪನವರ ಲೆಕ್ಕ.

ಕ್ಯಾಂಪು ಶುರುವಾಗುವ ಮೊದಲೇ ಕೆಂಚಿಗೆ ಮೇಲಿನಿಂದ ಕರೆ ಬಂತು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕಂತೆ. ಹಿಂದಿನ ಇಬ್ಬರು ಹೆಣ್ಣುಮಕ್ಕಳಿಗೂ ನೀರು ಹಾಕಿದವಳು ಅವಳೇ.

“ಹಿತ್ತಲ ಕಡೆಯಿಂದ ಬಾ,” ಎಂದರು ಸಾಹುಕಾರರ ಹೆಂಡತಿ ಯಮುನಮ್ಮ, ಪ್ರತಿಸಲದಂತೆ.

ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಕೆಂಚಿ ಎಣ್ಣೆ ತಿಕ್ಕಿದಳು. ಯಮುನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಮೂರನೆದಾದ್ರೂ ಹೈದ ಆತಲ್ಲ. ಚೆನ್ನಾಗಿ ತಿಕ್ಕು. ನಮ್ಮೋರೆಲ್ಲ ಒಂದು, ಎರಡು ಹೆತ್ತು ಸಾಕು ಅಂತವೆ. ಹಿಂಗಾದ್ರೆ ನಾಳೆ ಈ ತೋಟ ನೋಡ್ಕೊಳ್ಳೋಕೆ ಯಾರಿರ್ತಾರೆ?”

“ಇವತ್ತು ಯಾರು ನೋಡ್ಕೊಳ್ತಾ ಇದ್ದಾರೋ ಅವ್ರೇ ಇರ್ತೀವಲ್ಲಮ್ಮ,” ಎಂದಳು ಕೆಂಚಿ. “ಈ ಕ್ಯಾಂಪಲ್ಲಿ ಕೊಯ್ದು ಮುಗಿಸದಿದ್ರೆ.”

“ನಿನ್ನ ನಾಲಿಗೆಗೆ ಮೊದ್ಲು ಆಪರೇಷನ್ ಆಗ್ಬೇಕು.”

ಯಮುನಮ್ಮ ಅಡುಗೆಯವರ ಕಡೆ ಹೋದರು. ಒಳಗಿನ ಕೋಣೆಯಿಂದ ಸಿಂಚನಾ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತಳು. ಜರಿ ಸೀರೆ ಉಡಿಸಿದ್ದರು. ಕಣ್ಣ ಕೆಳಗಿನ ಕಪ್ಪು ಪೌಡರಿಗೆ ಬಗ್ಗಿರಲಿಲ್ಲ.

“ನಂಗೆ ಎರಡೇ ಸಾಕಿತ್ತು ಕೆಂಚಿ. ಎರಡನೆದಕ್ಕೇ ರಕ್ತ ಹೋಗಿ ಸತ್ತು ಬದುಕಿದ್ದೆ. ಆಪರೇಷನ್ ಮಾಡಿಸ್ಕೊಳ್ತೀನಿ ಅಂದ್ರೆ ಅತ್ತೆ ಮೂರು ದಿನ ಊಟ ಬಿಟ್ರು. ಅವರ ಮಗ ದೀಕ್ಷಿತ್ ಅಮ್ಮನ ತಟ್ಟೆ ನೋಡ್ತಾ ಕೂತ.”

“ನಿಮ್ಗಾದ್ರೂ ಚಿನ್ನ ಸಿಗತ್ತೆ ಬಿಡಿ ಅಕ್ಕ,” ಎಂದಳು ಕೆಂಚಿ. ಹೇಳಿದ ಮೇಲೆ, ಬೇಡವಾಗಿತ್ತೇನೋ ಅನ್ನಿಸಿತು. ಸಿಂಚನಾ ಕಟ್ಟೆಯಿಂದ ಮುಂದಕ್ಕೆ ಬಗ್ಗಿದಳು. ಮಗುವಿನ ಹಸಿ ತಲೆಯನ್ನು ಟವೆಲಿನಿಂದ ಒರೆಸುತ್ತ ಕೂತಳು.

ಕೆಳಗೆ ಮೈಕು ಗೊರಗುಟ್ಟಿತು. ಬೆಳ್ಯಪ್ಪನವರ ದನಿ ಮನೆಯವರೆಗೂ ಕೇಳುತ್ತಿತ್ತು.

“ನಾವು ಬೆಳೆಗಾರರು. ನಮಗೆ ಗೊತ್ತು. ಕಾಫಿ ಗಿಡದಲ್ಲಿ ಬೇಡದ ಚಿಗುರು ಮುರೀದೆ ಬಿಟ್ರೆ ಗಿಡವೂ ಹಾಳು, ತೋಟವೂ ಹಾಳು. ದೇಶವೂ ಹಂಗೇ!”

ಚಪ್ಪಾಳೆ. ತಾಲೂಕಿನಿಂದ ಬಂದ ಸಾಹೇಬರೊಬ್ಬರು ಮೈಕು ಹಿಡಿದರು. ದೇಶಕ್ಕೆ ಬೇಕಾಗಿರುವುದು ಜನ ಅಲ್ಲ, ಗುಣಮಟ್ಟದ ಜನ ಎಂದರು. ಇರುವೆ ಕಚ್ಚಿದಷ್ಟೇ ನೋವು, ಸಂಜೆಗೆ ಎದ್ದು ಅಡುಗೆ ಮಾಡಬಹುದು ಎಂದರು. ಈ ತೋಟ ಜಿಲ್ಲೆಗೇ ಮಾದರಿಯಾಗಲಿ ಎಂದರು.

ಕೆಂಚಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗಿಟ್ಟು, ಬಾಣಂತಿಯ ಬಟ್ಟೆ ಒಗೆದು ಮುಗಿಸುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಕಾಳಿ ಕೆಳಗೆ ಒಬ್ಬಳೇ ಎಂದು ನೆನಪಾಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಇಳಿಜಾರಿನಲ್ಲಿ ಓಡಿದಳು.

ಕಣದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಕಾಳಿ ಅಲ್ಲಿರಲಿಲ್ಲ. ಕೆಂಚಿಯ ಮೂರು ಮಕ್ಕಳು ಕಾಫಿ ರಾಶಿಯ ಹತ್ತಿರ ಹೊಸ ಬಕೆಟ್ಟೊಂದನ್ನು ತಲೆಗೆ ಹಾಕಿಕೊಂಡು ಆಡುತ್ತಿದ್ದವು. ನೀಲಿ ಬಕೆಟ್.

“ಇದು ಯಾರ್ದು?”

“ಕಾಳವ್ವಂದು,” ಎಂದಿತು ದೊಡ್ಡದು. “ಅವ್ವ ಒಳಗೆ ಹೋಗಿ ಗಳಿಸ್ಕೊಂಡ್ಳು.”

ಗೋದಾಮಿನ ಹಿಂದಿನ ನೆರಳಿನಲ್ಲಿ, ಕಾಫಿ ಒಣಗಿಸುವ ಟಾರ್ಪಾಲಿನ ಮೇಲೆ ಕಾಳಿ ಮಲಗಿದ್ದಳು. ಪಕ್ಕದಲ್ಲಿ ಮತ್ತಿಬ್ಬರು. ಕಾಳಿಗೆ ಎಚ್ಚರವಿರಲಿಲ್ಲ. ತುಟಿ ಬಿಳುಚಿತ್ತು, ನೊಣಗಳು ಬಾಯಿಯ ಹತ್ತಿರ ಓಡಾಡುತ್ತಿದ್ದವು. ಲಂಗದ ಮೇಲೆ ರಕ್ತ ಹರಡಿತ್ತು. ಹೊಲಿಗೆಯಿಂದ ಬಂದ ರಕ್ತವಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ. ಮೂರು ಹೆತ್ತ ಕೆಂಚಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

ನರ್ಸು ಚಿಕ್ಕ ಹುಡುಗಿ, ಬೆವೆತಿದ್ದಳು. “ನಾನು ಕೇಳಿದೆ ಅಕ್ಕ, ಮಕ್ಕಳೆಷ್ಟು ಅಂತ,” ಎಂದಳು, ಯಾರೂ ಬೈಯುವ ಮೊದಲೇ. “ಆಯಮ್ಮ ಏನೂ ಹೇಳ್ಲಿಲ್ಲ. ರೈಟ್ರು ಮೂರು ಅಂದ್ರು. ಮಕ್ಕಳು ಸೀರೆ ಹಿಡ್ಕೊಂಡು ಅವ್ವಾ ಅವ್ವಾ ಅಂತಿದ್ವು. ನಾನು ನಿಜ ಅಂದ್ಕೊಂಡೆ.”

“ರಕ್ತ ಕಡ್ಮೆ ಇದೆ, ಗ್ಲೂಕೋಸ್ ಹಾಕ್ತಾರೆ ಬಾ ಅಂತ ಪೊನ್ನಪ್ಪನೇ ಕರ್ಕೊಂಡು ಹೋದ,” ಎಂದಳು ಸಾಲಿನಲ್ಲಿದ್ದ ಒಬ್ಬಳು. “ಗಿರಿನ ಬೆಳಗ್ಗೆನೇ ಲಾರಿ ಜೊತೆ ಅಮ್ಮತ್ತಿ ಪೇಟೆಗೆ ಕಳಿಸಿಬಿಟ್ಟ.”

ಕೆಂಚಿ ತಂಗಿಯ ಬಾಯಿಯ ಮೇಲಿನ ನೊಣ ಓಡಿಸಿದಳು. ಲಂಗ ಸರಿಮಾಡಿದಳು. ಆಮೇಲೆ ಎದ್ದು ಶಾಮಿಯಾನದ ಕಡೆ ನಡೆದಳು.

ಪೊನ್ನಪ್ಪ ಬಕೆಟ್ ರಾಶಿಯ ಪಕ್ಕ ನಿಂತು ಹೆಂಗಸರ ಹೆಸರು ಕೂಗುತ್ತಿದ್ದ. ಕೆಂಚಿಯನ್ನು ಕಂಡು ನಕ್ಕ. “ಬಾರೇ ಬಾಯಿಬಡುಕಿ. ನಿನ್ನ ಹೆಸ್ರೂ ಬಂತು.”

“ಆ ಮಕ್ಕಳು ನನ್ನವು ಅಂತ ನಿಂಗೆ ಗೊತ್ತಿರ್ಲಿಲ್ವಾ?”

“ನಿಮ್ಮ ಲೈನಿನ ಮಕ್ಕಳಲ್ಲಿ ಯಾವುದು ಯಾರ್ದು ಅಂತ ಯಾರಿಗೆ ಗೊತ್ತು ಮಾರಾಯ್ತಿ? ಎಲ್ಲಾ ಒಂದೇ ಬಣ್ಣ. ಹೆತ್ತೋರಿಗೇ ಗೊತ್ತಿರಲ್ಲ!”

ಕುರ್ಚಿಯಲ್ಲಿದ್ದ ಸಾಹೇಬರು ಮುಸಿಮುಸಿ ನಕ್ಕರು.

ಕೆಂಚಿ ಅವನಿಗೆ ಹೊಡೆಯಲಿಲ್ಲ. ಅವನ ಬೆಲ್ಟಿಗೆ ಕೈ ಹಾಕಿದಳು. “ಹಿಡೀರೇ!” ಎಂದು ಕೂಗಿದ್ದಷ್ಟೇ. ವರ್ಷಗಟ್ಟಲೆ ಕಾಫಿ ಚೀಲ ಹೊತ್ತ ಹೆಂಗಸರಿಗೆ ಒಬ್ಬ ರೈಟರು ಎಷ್ಟರ ಭಾರ? ಕಾಲು ಹಿಡಿದವರು ಕಾಲು, ರಟ್ಟೆ ಹಿಡಿದವರು ರಟ್ಟೆ. ಯಾವಳೋ ಅವನ ಮೀಸೆಯನ್ನೇ ಹಿಡಿದಿದ್ದಳು. ಹಸಿರು ಬಟ್ಟೆ ಹರಿದುಕೊಂಡು ಒಳಗೆ ನುಗ್ಗಿ ಅವನನ್ನು ಮೇಜಿನ ಮೇಲೆ ಎಸೆದರು. ಪ್ಯಾಂಟು ಮೊಣಕಾಲಿಗೆ ಬಂದಿತ್ತು. ಡಾಕ್ಟರು ಗ್ಲೌಸ್ ಹಾಕಿದ ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಂಡರು.

“ಕೊಯ್ಯಿ ಡಾಕ್ಟ್ರೇ,” ಎಂದಳು ಕೆಂಚಿ. “ಇವಂಗೆ ಮಕ್ಕಳು ಮೂರಲ್ಲ, ಮೂವತ್ತು. ನಾನು ಹೇಳ್ತಾ ಇದ್ದೀನಲ್ಲ, ಬರ್ಕೊಳ್ಳಿ. ಇರುವೆ ಕಚ್ಚಿದಷ್ಟೇ ನೋವು. ಸಂಜೆಗೆ ಎದ್ದು ಅಡುಗೆ ಮಾಡ್ತಾನೆ.”

“ಸಾರ್, ಬ್ಯಾಡ ಸಾರ್!” ಪೊನ್ನಪ್ಪ ಕಿರುಚಿದ. “ನಾನು ಒಪ್ಪಿಲ್ಲ ಸಾರ್! ನನ್ನ ಕೇಳ್ದೇನೇ ಹೆಂಗೆ ಮಾಡ್ತಾರೆ ಸಾರ್? ಇದೇನು ಕಾನೂನಿಲ್ಲದ ರಾಜ್ಯವಾ?”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿಯೊಬ್ಬಳು ನಕ್ಕು ನಕ್ಕು ನೆಲಕ್ಕೆ ಕೂತಳು. ನಗು ನಿಲ್ಲುವಷ್ಟರಲ್ಲಿ ಡಾಕ್ಟರು ಹಿಂದಿನ ಬಾಗಿಲಿಂದ ಜೀಪು ಸೇರಿದ್ದರು. ಸಾಹೇಬರು ಅವರಿಗಿಂತ ಮೊದಲೇ ಹತ್ತಿದ್ದರು. ನರ್ಸು ಹುಡುಗಿ ಒಬ್ಬಳೇ ಉಳಿದಳು. ಅವಳನ್ನು ಹತ್ತಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

“ಅಯ್ಯೋ ಹಾಳಾದೋಳೇ,” ಎಂದಳು ಸಾಲಿನ ಕೊನೆಯಲ್ಲಿದ್ದ ನಿಂಗಮ್ಮ, ಕುಶಾಲನಗರದ ಕಡೆಯಿಂದ ಕೊಯ್ಲಿಗೆ ಬಂದಿದ್ದ ಆರು ಮಕ್ಕಳ ತಾಯಿ. “ನಂಗೆ ನಿಜವಾಗ್ಲೂ ಬೇಕಿತ್ತು ಕಣೇ. ನನ್ನ ಸರದಿ ಬರೋ ಹೊತ್ತಿಗೇ ನಿಂಗೆ ಬಂಡಾಯ ಬಂತಾ?”

“ನಾಳೆ ನಾನೇ ಕರ್ಕೊಂಡು ಹೋಗ್ತೀನಿ ನಿಂಗಕ್ಕ, ಸರಿಯಾದ ಆಸ್ಪತ್ರೆಗೆ. ಈಗ ಆ ಕಡೆ ಹಿಡಿ.”

ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ಕಾಳಿಯನ್ನು ಎತ್ತಿದರು. ಕೆಂಚಿ ನರ್ಸಿಗೆ, “ಸೂಜಿ, ಬಾಟ್ಲು, ಮಾತ್ರೆ, ಎಂತ ಇದ್ಯೋ ಎಲ್ಲಾ ತಗೊಂಡು ಬಾ,” ಎಂದಳು. ಲೈನಿನ ಕಡೆ ತಿರುಗಿದವರನ್ನು ತಡೆದಳು.

“ಆ ಸೋರೋ ಗೂಡಲ್ಲಿ ಮಲಗಿಸಿದ್ರೆ ಕೀವಾಗಿ ಸಾಯ್ತಾಳೆ. ಮೇಲೆ ನಡೀರಿ.”

“ಮೇಲೆ ಅಂದ್ರೆ?”

“ಮೇಲೆ ಅಂದ್ರೆ ಮೇಲೆ.”

ಮೇಲಿನ ಶಾಮಿಯಾನದಲ್ಲಿ ಸಂಘದವರು ಶಾಲು ಬಿಚ್ಚುತ್ತಿದ್ದರು. ಕೆಳಗಿನ ಗಲಾಟೆ ಅಲ್ಲಿಗೆ ಕೇಳಿಸಿದ್ದರೂ, ಕ್ಯಾಂಪೆಂದರೆ ಕೂಗಾಟ ಇದ್ದದ್ದೇ ಎಂದುಕೊಂಡಿದ್ದರು. ಸಿಂಚನಾ ಹೂವಿನ ಕುರ್ಚಿಯಲ್ಲಿ ಮಗುವನ್ನಿಟ್ಟುಕೊಂಡು ಕೂತಿದ್ದಳು. ಫೋಟೋದವನು, “ಸ್ವಲ್ಪ ನಗಿ ಮೇಡಂ,” ಎನ್ನುತ್ತಿದ್ದ. ಹೆಂಗಸರು ಟಾರ್ಪಾಲು ಹಿಡಿದು, ಎರಡೂ ಸಾಲು ಕುರ್ಚಿಗಳ ನಡುವೆ, ನೆಲಕ್ಕೆ ಹಾಸಿದ್ದ ಕೆಂಪು ಜಮಖಾನದ ಮೇಲೆ ಬಂದರು. ಜಮಖಾನದ ಉದ್ದಕ್ಕೂ ರಕ್ತ ಹನಿಯಿತು.

“ಏನಿದು? ಏಯ್! ಎಲ್ಲಿಗೆ ನುಗ್ತಾ ಇದ್ದೀರಿ?” ಬೆಳ್ಯಪ್ಪ ಎದ್ದು ನಿಂತರು. “ಹಿತ್ತಲಿಗೆ ಹೋಗ್ರೇ ಮುಂಡೇವಾ!”

“ಹಿತ್ತಲಲ್ಲಿ ಮಂಚ ಇಲ್ಲ ಸಾವ್ಕಾರ್ರೇ,” ಎಂದಳು ಕೆಂಚಿ, ನಡಿಗೆ ನಿಲ್ಲಿಸದೆ. “ಸ್ವಲ್ಪ ಸರೀರಿ. ಚಿಗುರು ಮುರ್ದಿದೀರಲ್ಲ, ಗಿಡ ನೆಲದ ಮೇಲೆ ಬಿದ್ದಿದೆ.”

ಯಮುನಮ್ಮ ಬಾಗಿಲಿಗೆ ಅಡ್ಡ ನಿಲ್ಲಲು ಓಡಿದರು. ಅವರಿಗಿಂತ ಮೊದಲು ಸಿಂಚನಾ ಎದ್ದಳು. ಮಗುವನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದಳು. ಸೊಸೆ ಬಾಗಿಲು ಹಾಕಲು ಹೋದಳೆಂದೇ ಎಲ್ಲರೂ ತಿಳಿದರು. ಅವಳು ಪಡಸಾಲೆಯ ನಡುವೆ ನಿಂತು ಕೈ ತೋರಿಸಿದಳು.

“ಕೋಣೆ ಈ ಕಡೆ.”

ಹಾಗೆ ಹೇಳಿದವಳು ಹಾಸಿಗೆಯ ಹತ್ತಿರ ಅನುಮಾನಿಸಿದಳು. “ಒಂದು ಪ್ಲಾಸ್ಟಿಕ್ ಶೀಟ್ ಹಾಕ್ತೀನಿ. ಹಾಸಿಗೆ ಹೊಸದು...”

“ಹಾಕಿ ಅಕ್ಕ, ಹಾಕಿ. ಹಾಸಿಗೆ ಜೀವ ಉಳೀಲಿ.”

ಸಿಂಚನಾಳ ಮುಖ ಸುಟ್ಟಂತಾಯಿತು. ಕೈಗೆತ್ತಿಕೊಂಡ ಪ್ಲಾಸ್ಟಿಕ್ ಹಾಳೆಯನ್ನು ಮೂಲೆಗೆ ಬಿಸಾಡಿದಳು. ಕಾಳಿಯನ್ನು ಬಿಳಿ ಹಾಸಿಗೆಯ ಮೇಲೆಯೇ ಮಲಗಿಸಿದರು. ನರ್ಸು ಹುಡುಗಿ ಬಾಟ್ಲಿಯನ್ನು ಸೊಳ್ಳೆಪರದೆಯ ಕೋಲಿಗೆ ಕಟ್ಟಿ, ಸೂಜಿ ಚುಚ್ಚಿದಳು. ಉಳಿದ ಹೆಂಗಸರು ಪಡಸಾಲೆಯ ತುಂಬ ಕೂತರು. ಈ ಮನೆಯ ಒಳಗೆ ಅವರನ್ನು ಇದುವರೆಗೆ ಗುಡಿಸಲು ಕೂಡ ಬಿಟ್ಟಿರಲಿಲ್ಲ. ಅವರು ಗೋಡೆಯ ಮೇಲಿನ ಕೋವಿಗಳನ್ನೂ ಜಿಂಕೆಯ ಕೊಂಬನ್ನೂ ಸತ್ತ ಅಜ್ಜಂದಿರ ಫೋಟೋಗಳನ್ನೂ ಸಂತೆಯಲ್ಲಿ ನೋಡುವಂತೆ ನೋಡಿದರು. ನಿಂಗಮ್ಮ ಸೋಫಾದ ಮೇಲೆ ಕೂತು, ಒಮ್ಮೆ ಕುಪ್ಪಳಿಸಿ, “ಇದು ಮೇಜಿಗಿಂತ ವಾಸಿ,” ಎಂದಳು. ಕೆಂಚಿ ಮುಂಬಾಗಿಲು ಹಾಕಿ ಅಗುಳಿ ಜಡಿದಳು.

ಹೊರಗೆ ಗದ್ದಲ ಶುರುವಾಯಿತು. ಪೊನ್ನಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ದೀಕ್ಷಿತ್ ಪೊಲೀಸಿಗೆ ಫೋನ್ ಮಾಡುತ್ತಿದ್ದ. ಬೆಳ್ಯಪ್ಪ ಸೊಸೆಯ ಹೆಸರು ಹಿಡಿದು ಕೂಗಿದರು. ಸಿಂಚನಾ ಕಿಟಕಿಯ ಪಕ್ಕ ಕೂತು ಮಗುವಿಗೆ ಹಾಲು ಕುಡಿಸುತ್ತಲೇ ಇದ್ದಳು.

“ಅವ್ಳು ನಿಮ್ಮ ಮನೇಲಿ ಎಷ್ಟು ಹೊತ್ತು ಬಿದ್ದಿರ್ಬೇಕು ಅಂತೀರಿ?” ಎಂದು ಯಮುನಮ್ಮ ಹೊರಗಿನಿಂದ ಕಿಟಕಿಯ ಹತ್ತಿರ ಬಂದು ಚೀರಿದರು, ಯಾರ ಮನೆಯೆಂಬುದೂ ಆ ಸಿಟ್ಟಿನಲ್ಲಿ ಅದಲುಬದಲಾಗಿ.

“ಎದ್ದು ನಡೆಯೋವರ್ಗೂ ಅಮ್ಮ,” ಎಂದಳು ಕೆಂಚಿ. “ಅಷ್ಟರಲ್ಲಿ ಜೀಪು ಖಾಲಿ ಇದ್ರೆ ಆಸ್ಪತ್ರೆಗೆ ಕಳಿಸಿ. ಗೊಬ್ಬರ ಇದ್ರೆ ಇಳಿಸಿ ಕಳಿಸಿ.”

ಬಾಗಿಲ ಮೇಲೆ ಮುಷ್ಟಿಗಳು ಬಡಿಯತೊಡಗಿದವು. ಆ ಸದ್ದಿಗೋ ಏನೋ, ಕಾಳಿ ಕಣ್ಣು ಬಿಟ್ಟಳು. ಮೇಲೆ ತೇಗದ ಮುಚ್ಚಿಗೆ, ಪಕ್ಕದಲ್ಲಿ ಬಿಳಿ ದಿಂಬು, ಕೈಗೊಂದು ನಳಿಗೆ. ಕಣ್ಣು ಸುತ್ತಲೂ ಹುಡುಕಿ ಅಕ್ಕನ ಮೇಲೆ ನಿಂತಿತು. ಒಂದು ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಸರಿದು, ಬ್ಯಾಂಡೇಜು ತಾಗಿ ಅಲ್ಲೇ ನಿಂತಿತು.

“ಅಕ್ಕಾ, ಗ್ಲೂಕೋಸ್ ಅಂದ್ರು... ಇಲ್ಲಿ ಯಾಕೆ ನೋವು? ನಂಗೆ ಎಂತ ಮಾಡಿದ್ರು?”

ನರ್ಸು ಹುಡುಗಿ ಗೋಡೆಯ ಕಡೆ ತಿರುಗಿದಳು. ಕೆಂಚಿ ಬಾಯಿ ತೆರೆದಳು. ರೈಟರಿಗೂ ಸಾಹುಕಾರರಿಗೂ ಡಾಕ್ಟರಿಗೂ ಒಂದಕ್ಕೆರಡು ಕೊಟ್ಟ ನಾಲಿಗೆ ಈಗ ಒಣಗಿದ ತೊಗಟೆಯಂತೆ ಅಂಗುಳಿಗೆ ಅಂಟಿಕೊಂಡಿತು.

ದೂರದಲ್ಲಿ, ನಾಪೋಕ್ಲಿನ ರಸ್ತೆಯ ಕಡೆಯಿಂದ, ಜೀಪಿನ ಸದ್ದು ಏರು ಹತ್ತಿ ಬರುತ್ತಿತ್ತು. ಆಸ್ಪತ್ರೆಯದೋ ಪೊಲೀಸರದೋ ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ. “ಬಾಗಿಲು ತೆಗೀರೇ!” ಎಂದು ಹೊರಗಿನಿಂದ ಯಾರೋ ಕಾಲಿನಿಂದಲೇ ಒದ್ದರು. ಅಗುಳಿ ಅದುರಿತು. ಹೆಂಗಸರು ಎದ್ದು ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ಒತ್ತಾಗಿ ಕೂತರು.

ಕೆಂಚಿ ಆ ಕಡೆ ನೋಡಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಹೊಟ್ಟೆಯ ಮೇಲಿದ್ದ ತಂಗಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಬೆಳಗಿನಿಂದ ಆದದ್ದನ್ನೆಲ್ಲ ಹೇಳತೊಡಗಿದಳು.